ಉಗುರಿನ ಶಿಲೀಂಧ್ರಕ್ಕೆ 84 ಮಾತ್ರೆ: ನನ್ನ ಅನುಭವ

ಬದಿಯಡ್ಕ ಕಡೆಯ ಅಡಿಕೆ ಕೃಷಿಕರೊಬ್ಬರು ನನ್ನ ಮೇಜಿನ ಮೇಲೆ ಒಂದು ಪ್ಲಾಸ್ಟಿಕ್ ತೊಟ್ಟೆ ಮಗುಚಿದರು. ಒಳಗಿಂದ ಬಿದ್ದದ್ದು ಉಗುರಿನ ಶಿಲೀಂಧ್ರಕ್ಕೆ ನಾನು ಬರೆದಿದ್ದ ಇಟ್ರಾಕೊನಜೋಲ್ ಕ್ಯಾಪ್ಸೂಲಿನ ಸ್ಟ್ರಿಪ್‌ಗಳು. ಮೂರು ವಾರದ ಮದ್ದಿನಲ್ಲಿ ಒಂದು ವಾರದ್ದು ಮಾತ್ರ ಖಾಲಿಯಾಗಿತ್ತು.

“ಏಳು ದಿನ ತಿಂದೆ ಡಾಕ್ಟ್ರೇ. ಮತ್ತೆ ಮೂರು ವಾರ ಬಿಡ್ಲಿಕ್ಕೆ ಹೇಳಿದ್ದಿರಲ್ಲ, ಬಿಟ್ಟೆ. ಅಷ್ಟರಲ್ಲಿ ಅಡಿಕೆ ಕೊಯ್ಲು ಬಂತು. ಪುನಃ ನೆನಪಾಗುವಾಗ ನಾಲ್ಕು ತಿಂಗಳು ಕಳೆದಿತ್ತು.”

ಎರಡೂ ಹೆಬ್ಬೆರಳ ಉಗುರು ಮೊದಲಿನ ಹಾಗೆಯೇ ಇತ್ತು: ಹಳದಿ ಬಣ್ಣ, ದಪ್ಪ, ಅಡಿಯಲ್ಲಿ ಮರದ ಹುಡಿಯಂಥ ಪುಡಿ. ಅವರದು ತಪ್ಪೆಂದು ನನಗೆ ಅನ್ನಿಸಲಿಲ್ಲ. ತಿಂಗಳಲ್ಲಿ ಒಂದು ವಾರ ತಿನ್ನುವುದು, ಮೂರು ವಾರ ಬಿಡುವುದು ಎಂದು ಚೀಟಿ ಬರೆದುಕೊಟ್ಟವಳು ನಾನೇ. ಅದು ಸುಲಭದ ಕ್ರಮ ಎಂದು ವರ್ಷಗಟ್ಟಲೆ ನಂಬಿದ್ದವಳೂ ನಾನೇ. ಆ ದಿನದ ನಂತರ ನನ್ನ ಹಳೆಯ ರಿಜಿಸ್ಟರು ತೆಗೆದು ಇಂಥ ರೋಗಿಗಳ ಹೆಸರು ಹುಡುಕಿ ಕೆಲವರಿಗೆ ಫೋನು ಮಾಡಿದೆ. ಮೂರೂ ವಾರದ ಮದ್ದು ಸರಿಯಾದ ತಾರೀಕಿಗೆ ತಿಂದವರು ನಾನು ಎಣಿಸಿದ್ದಕ್ಕಿಂತ ಬಹಳ ಕಡಿಮೆ ಇದ್ದರು.

ನಾನು ಚರ್ಮದ ವೈದ್ಯೆ. ಕಾಸರಗೋಡು ಜಿಲ್ಲೆಯ ಈ ಗಡಿಭಾಗದಲ್ಲಿ ಉಗುರಿನ ತೊಂದರೆ ನೋಡದ ದಿನವೇ ಇಲ್ಲ. ತೋಟದ ಕೆಸರು, ಹಟ್ಟಿಯ ನೀರು, ತೋಡು ದಾಟುವ ಕಾಲು, ಮಳೆಗಾಲದಲ್ಲಿ ಒಣಗದ ಗಂಬೂಟು ಇವೆಲ್ಲ ಕಾಲಿನ ಉಗುರಿನ ಕತೆ. ಕೈಯ ಉಗುರಾದರೆ ಅಡುಗೆಯವರದು, ಮೀನು ಮಾರುವವರದು, ಎಲೆ ನೆನೆಸಿ ಬೀಡಿ ಕಟ್ಟುವ ಹೆಂಗಸರದು. ಉಗುರಿಗೆಂದೇ ಬರುವವರು ಕಡಿಮೆ. ಬೇರೆ ಯಾವುದಕ್ಕೋ ಬಂದು, ಎದ್ದು ಹೋಗುವಾಗ ಬಾಗಿಲ ಹತ್ತಿರ ನಿಂತು, “ಇದೊಂದು ನೋಡ್ತೀರಾ, ಉಗುರು ಹುಳ ತಿಂದ ಹಾಗೆ ಆಗಿದೆ” ಎಂದು ಚಪ್ಪಲಿಯಿಂದ ಕಾಲು ತೆಗೆಯುತ್ತಾರೆ. ಹತ್ತು ವರ್ಷದಿಂದ ಇದೆ ಎನ್ನುವವರೂ ಉಂಟು.

ಮದ್ದಿನ ಕ್ರಮಗಳನ್ನು ಹೋಲಿಸುವ ಮೊದಲು ಉಗುರು ಬೆಳೆಯುವ ವೇಗ ಹೇಳಬೇಕು, ಯಾಕೆಂದರೆ ಎಲ್ಲ ಲೆಕ್ಕವೂ ಅಲ್ಲಿಂದಲೇ ಹೊರಡುತ್ತದೆ. ಕೈಯ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರು ಬೆಳೆಯುತ್ತದೆ, ಕಾಲಿನದು ಅದರ ಅರ್ಧ. ಕೈಯ ಉಗುರು ಬುಡದಿಂದ ತುದಿಗೆ ಪೂರ್ತಿ ಹೊಸದಾಗಲು ಸುಮಾರು ಆರು ತಿಂಗಳು ಬೇಕು. ಕಾಲಿನ ಹೆಬ್ಬೆರಳಿಗೆ ಹನ್ನೆರಡರಿಂದ ಹದಿನೆಂಟು ತಿಂಗಳು. ಕೆಟ್ಟ ಉಗುರು ಮತ್ತೆ ಒಳ್ಳೆಯದಾಗುವುದಿಲ್ಲ. ಮದ್ದು ಶಿಲೀಂಧ್ರವನ್ನು ಕೊಲ್ಲುತ್ತದೆ, ಬುಡದಿಂದ ಬರುವ ಹೊಸ ಉಗುರು ಚೊಕ್ಕವಾಗಿ ಬರುತ್ತದೆ, ಹಳೆಯದು ತುದಿಗೆ ಸರಿದು ಕತ್ತರಿಗೆ ಹೋಗುತ್ತದೆ. ಹಾಗಾಗಿ ಮಾತ್ರೆ ಮುಗಿದ ದಿನ ಕಾಲಿನ ಉಗುರು ನೋಡಲಿಕ್ಕೆ ಇನ್ನೂ ಕೆಟ್ಟದಾಗಿಯೇ ಇರುತ್ತದೆ. ಇದನ್ನು ಮೊದಲ ದಿನವೇ ಹೇಳದಿದ್ದರೆ ಜನ ಅರ್ಧದಲ್ಲಿ ಬಿಡುತ್ತಾರೆ, ಇಲ್ಲವೇ ಗುಣ ಆಗಲಿಲ್ಲವೆಂದು ಹೆದರಿ ಅಂಗಡಿಯಿಂದ ಮತ್ತೂ ತಂದು ತಿನ್ನುತ್ತಾರೆ. ಎರಡೂ ನೋಡಿದ್ದೇನೆ.

ಈಗ ಕ್ರಮಗಳು. ಶಿಲೀಂಧ್ರದ ಇನ್ನೊಂದು ಮದ್ದು ಟರ್ಬಿನಾಫಿನ್. ಕಾಲಿನ ಉಗುರಿಗೆ ಅದಾದರೆ 250 ಮಿಲಿಗ್ರಾಮಿನ ಒಂದು ಮಾತ್ರೆ, ದಿನಾಲೂ, 12 ವಾರ. ಕೈಯ ಉಗುರಿಗೆ 6 ವಾರ. ಇಟ್ರಾಕೊನಜೋಲನ್ನು ದಿನಕ್ಕೆ 200 ಮಿಲಿಗ್ರಾಮಿನಂತೆ 12 ವಾರ ಬಿಡದೆ ಕೊಡುವುದೂ ಉಂಟು. ಆದರೆ ನಾವು ಹೆಚ್ಚಾಗಿ ಕೊಟ್ಟದ್ದು ಪಲ್ಸ್ ಕ್ರಮ: 200 ಮಿಲಿಗ್ರಾಂ ದಿನಕ್ಕೆ ಎರಡು ಸಲ, ತಿಂಗಳಲ್ಲಿ ಒಂದು ವಾರ, ಹೀಗೆ ಕಾಲಿಗೆ ಮೂರು ತಿಂಗಳು, ಕೈಗೆ ಎರಡು. ಒಂದು ಸಲ ಕೂತು ಲೆಕ್ಕ ಹಾಕಿದಾಗ ಒಂದು ವಿಷಯ ಕಂಡಿತು. ಟರ್ಬಿನಾಫಿನ್ 12 ವಾರಕ್ಕೆ 84 ಮಾತ್ರೆ. 100 ಮಿಲಿಗ್ರಾಮಿನ ಇಟ್ರಾಕೊನಜೋಲ್ ಕ್ಯಾಪ್ಸೂಲು ಮೂರು ಪಲ್ಸಿಗೆ, ದಿನಕ್ಕೆ ನಾಲ್ಕರಂತೆ 21 ದಿನ, ಅದೂ 84. ನುಂಗುವ ಗುಳಿಗೆಯ ಲೆಕ್ಕದಲ್ಲಿ ರೋಗಿಗೆ ಉಳಿತಾಯವೇನೂ ಇರಲಿಲ್ಲ. ವ್ಯತ್ಯಾಸವಿದ್ದದ್ದು ದಿನಗಳಲ್ಲಿ ಮಾತ್ರ.

ಬಿಟ್ಟು ಬಿಟ್ಟು ಕೊಡುವುದರ ಹಿಂದೆ ಒಳ್ಳೆಯ ಯೋಚನೆಯೇ ಇದೆ. ಇಟ್ರಾಕೊನಜೋಲ್ ರಕ್ತದಿಂದ ಬೇಗ ಹೊರಟುಹೋದರೂ ಉಗುರಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಒಂದು ವಾರ ತುಂಬಿಸಿಟ್ಟರೆ ಉಳಿದ ಮೂರು ವಾರ ಅದು ಅಲ್ಲಿಯೇ ಕೆಲಸ ಮಾಡುತ್ತದೆ, ಯಕೃತ್ತಿಗೂ ಬಿಡುವು ಸಿಗುತ್ತದೆ ಎಂಬುದು ತರ್ಕ. ಓದಲಿಕ್ಕೆ ಚೆಂದ, ರೋಗಿಗೆ ಹೇಳಲಿಕ್ಕೂ ಚೆಂದ.

ಎರಡನ್ನೂ ಎದುರುಬದುರು ಇಟ್ಟು ನೋಡಿದ ಅಧ್ಯಯನ 1999ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದಿದೆ. ಸುಮಾರು 500 ಮಂದಿ, ಎಲ್ಲರದೂ ಕಾಲಿನ ಉಗುರು. 72ನೆಯ ವಾರದಲ್ಲಿ ಉಗುರು ಕೆರೆದು ಪರೀಕ್ಷಿಸಿದಾಗ, 12 ವಾರ ದಿನಾಲೂ ಟರ್ಬಿನಾಫಿನ್ ತಿಂದವರಲ್ಲಿ 75.7 ಶೇಕಡಾ ಮಂದಿಯಲ್ಲಿ ಶಿಲೀಂಧ್ರ ಸಿಗಲಿಲ್ಲ. 16 ವಾರ ತಿಂದವರಲ್ಲಿ 80.8. ಇಟ್ರಾಕೊನಜೋಲ್ ಮೂರು ಪಲ್ಸ್ ತಿಂದವರಲ್ಲಿ 38.3, ನಾಲ್ಕು ಪಲ್ಸಿನವರಲ್ಲಿ 49.1. ಇದೇ ಅಧ್ಯಯನದ ಐಸ್‌ಲ್ಯಾಂಡಿನ ರೋಗಿಗಳನ್ನು 5 ವರ್ಷ ಹಿಂಬಾಲಿಸಿ ನೋಡಿದರು. ಮತ್ತೆ ಮದ್ದು ತೆಗೆದುಕೊಳ್ಳದೆ ಶಿಲೀಂಧ್ರಮುಕ್ತರಾಗಿ ಉಳಿದವರು ಟರ್ಬಿನಾಫಿನ್ ಕಡೆ 46 ಶೇಕಡಾ, ಇಟ್ರಾಕೊನಜೋಲ್ ಕಡೆ 13. ಈ ಅಧ್ಯಯನಕ್ಕೆ ಟರ್ಬಿನಾಫಿನ್ ತಯಾರಿಸುವ ಕಂಪನಿಯ ನೆರವಿತ್ತು ಎಂಬುದನ್ನು ನಾನು ಮರೆಯುವುದಿಲ್ಲ. ಆದರೆ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿದ 2017ರ ಕಾಕ್ರೇನ್ ವಿಮರ್ಶೆಯೂ ಟರ್ಬಿನಾಫಿನ್ನೇ ಮೇಲು ಎಂದಿದೆ.

ಕಾರಣ ಊಹಿಸುವುದು ಕಷ್ಟವಲ್ಲ. ಉಗುರು ಕೆಡಿಸುವ ಶಿಲೀಂಧ್ರಗಳಲ್ಲಿ ಮುಖ್ಯವಾದವು ಟ್ರೈಕೋಫೈಟಾನ್ ಜಾತಿಯವು. ಟರ್ಬಿನಾಫಿನ್ ಅವನ್ನು ಕೊಲ್ಲುತ್ತದೆ. ಇಟ್ರಾಕೊನಜೋಲ್ ಬಹುಮಟ್ಟಿಗೆ ಬೆಳೆಯದಂತೆ ಹಿಡಿದಿಡುತ್ತದೆ. ಕೈ ಸಡಿಲವಾದ ದಿನ ಉಳಿದದ್ದು ತಲೆಯೆತ್ತುತ್ತದೆ.

ಹಾಗಾದರೆ ಟರ್ಬಿನಾಫಿನ್ನನ್ನೇ ಬಿಟ್ಟು ಬಿಟ್ಟು ಕೊಟ್ಟರೆ? ನನಗೂ ಆ ಆಸೆ ಇತ್ತು. ದಿನಕ್ಕೆ 500 ಮಿಲಿಗ್ರಾಂ, ತಿಂಗಳಲ್ಲಿ ಒಂದು ವಾರ, ಮೂರು ತಿಂಗಳು. ಒಟ್ಟು 42 ಮಾತ್ರೆ, ಖರ್ಚು ಅರ್ಧ. ಅಮೆರಿಕದಲ್ಲಿ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಇದನ್ನು ದಿನಾಲೂ ಕೊಡುವ ಕ್ರಮದ ಜೊತೆ ಹೋಲಿಸಿ 2005ರಲ್ಲಿ ಪ್ರಕಟಿಸಿದರು. ಶಿಲೀಂಧ್ರ ಹೋದದ್ದು ದಿನಾಲೂ ತಿಂದವರಲ್ಲಿ 70.9 ಶೇಕಡಾ, ಬಿಟ್ಟು ತಿಂದವರಲ್ಲಿ 58.7. ಉಗುರು ಕಣ್ಣಿಗೂ ಚೊಕ್ಕವಾದದ್ದು 44.6 ಮತ್ತು 29.3. ಅರ್ಧ ಖರ್ಚಿಗೆ ಇಷ್ಟು ಬಂದರೆ ಪರವಾಗಿಲ್ಲ ಎನ್ನುವ ವೈದ್ಯರಿದ್ದಾರೆ. ನಾನು ಆ ಪಕ್ಷದವಳಲ್ಲ. ಸೋತರೆ ಆ ಮನುಷ್ಯ ಇನ್ನೊಂದು ವರ್ಷ ಕಾಯಬೇಕು, ಮತ್ತೆ ದುಡ್ಡು ಹಾಕಬೇಕು. ಹೆಚ್ಚಿನವರು ಎರಡನೆಯ ಸಲ ಬರುವುದೇ ಇಲ್ಲ, ಆ ಉಗುರಿನೊಟ್ಟಿಗೇ ಬದುಕುತ್ತಾರೆ.

ತೊಟ್ಟೆ ತಂದಿದ್ದ ಆ ಹಿರಿಯರಿಗೆ ಇದನ್ನೆಲ್ಲ ಹೇಳಿದಾಗ ಅವರು ಕೇಳಿದ ಪ್ರಶ್ನೆ ಹೀಗಿತ್ತು: “ನಾವು ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡುವುದು ಮಳೆ ಸುರುವಾಗುವಾಗ ಒಮ್ಮೆ, ಮತ್ತೆ ನಲ್ವತ್ತು ನಲ್ವತ್ತೈದು ದಿನ ಬಿಟ್ಟು ಇನ್ನೊಮ್ಮೆ. ಅಡಿಕೆಗೆ ಅದು ಸಾಕಾಗ್ತದೆ. ಉಗುರಿಗೆ ಯಾಕೆ ಸಾಕಾಗುವುದಿಲ್ಲ?”

ಒಳ್ಳೆಯ ಪ್ರಶ್ನೆ. ನಾನು ಕೇಳಿದೆ, “ಬೋರ್ಡೋ ಬಿಡುವುದು ಕೊಳೆತ ಗೊನೆಗೋ, ಕೊಳೆಯದ ಗೊನೆಗೋ?”

“ಕೊಳೆಯದ್ದಕ್ಕೆ. ಕೊಳೆತದ್ದು ಬಿದ್ದೇ ಹೋಗ್ತದೆ.”

“ನಿಮ್ಮ ಉಗುರಿನಲ್ಲಿ ರೋಗ ಈಗಾಗಲೇ ಒಳಗೆ ಉಂಟು. ಕೆಟ್ಟ ಉಗುರು ಬೀಳದೆ ಅಲ್ಲೇ ಒಂದು ವರ್ಷ ಅಂಟಿಕೊಂಡಿರುತ್ತದೆ. ಅದರ ಪಕ್ಕದಲ್ಲಿಯೇ ಹೊಸತು ಬೆಳೆಯಬೇಕು. ಅಷ್ಟು ದಿನವೂ ಹೊಸ ಉಗುರಿನಲ್ಲಿ ಮದ್ದು ಇರಬೇಕು.”

ಅವರು ತಲೆಯಾಡಿಸಿದರು. ಈಗ ತೋಟದವರು ಯಾರೇ ಬಂದರೂ ನಾನು ಇಲ್ಲಿಂದಲೇ ಮಾತು ಶುರು ಮಾಡುತ್ತೇನೆ.

ಆದರೆ ಯಾವ ಕ್ರಮ ಎಂಬುದು ಎರಡನೆಯ ಪ್ರಶ್ನೆ. ಅದು ಶಿಲೀಂಧ್ರವೇ ಹೌದೋ ಎಂಬುದು ಮೊದಲನೆಯದು. ಕೆಟ್ಟುಹೋದ ಉಗುರುಗಳಲ್ಲಿ ಶಿಲೀಂಧ್ರದಿಂದ ಕೆಟ್ಟವು ಸುಮಾರು ಅರ್ಧದಷ್ಟು ಮಾತ್ರ. ಉಳಿದದ್ದು ಸೋರಿಯಾಸಿಸ್, ಲೈಕೆನ್ ಪ್ಲಾನಸ್‌ನಂಥ ಚರ್ಮರೋಗ, ಬಿಗಿ ಚಪ್ಪಲಿಯ ಒತ್ತಡ, ಹಳೆಯ ಪೆಟ್ಟು, ವಯಸ್ಸು. ವೃತ್ತಿಯ ಸುರುವಿನಲ್ಲಿ ಒಬ್ಬ ಶಾಲಾ ಶಿಕ್ಷಕಿಗೆ ನಾನು ಕಣ್ಣಂದಾಜಿನಲ್ಲಿ ಮೂರು ತಿಂಗಳು ಮದ್ದು ಕೊಟ್ಟೆ. ಉಗುರು ಬದಲಾಗಲಿಲ್ಲ. ಒಂದು ದಿನ ಅವರು ತಲೆ ಬಾಚುವಾಗ ಉದುರುವ ಹೊಟ್ಟಿನ ಬಗ್ಗೆ ಹೇಳಿದರು. ಕೂದಲು ಸರಿಸಿ ನೋಡಿದರೆ ನೆತ್ತಿಯ ಅಂಚಿನಲ್ಲಿ ಸೋರಿಯಾಸಿಸ್. ಕೈಯ ಉಗುರು ಬೆಳಕಿಗೆ ಹಿಡಿದು ನೋಡಿದರೆ ಸೂಜಿ ಚುಚ್ಚಿದಂಥ ಸಣ್ಣ ಸಣ್ಣ ಗುಳಿ. ಎಲ್ಲವೂ ಮೊದಲ ದಿನವೇ ಅಲ್ಲಿತ್ತು, ನಾನು ಹುಡುಕಿರಲಿಲ್ಲ. ಆ ತಪ್ಪು ಇಂದಿಗೂ ನನ್ನನ್ನು ಕಾಡುತ್ತದೆ. ಅಂದಿನಿಂದ ಪರೀಕ್ಷೆ ಮಾಡದೆ ಉಗುರಿಗೆ ಒಂದು ಮಾತ್ರೆಯನ್ನೂ ಬರೆದಿಲ್ಲ.

ಪರೀಕ್ಷೆ ದೊಡ್ಡದೇನಲ್ಲ, ಆದರೆ ಮಾದರಿ ತೆಗೆಯುವ ಜಾಗ ಮುಖ್ಯ. ತುದಿಯ ಉಗುರು ಕತ್ತರಿಸಿ ಕಳಿಸಿದರೆ ಸಿಗುವುದು ಸತ್ತ ಶಿಲೀಂಧ್ರ ಮತ್ತು ತೋಟದ ಮಣ್ಣು. ನಾನು ತುದಿಯನ್ನು ಆದಷ್ಟು ಹಿಂದಕ್ಕೆ ಕತ್ತರಿಸಿ, ಒಳ್ಳೆಯ ಉಗುರು ಕೆಟ್ಟದ್ದಕ್ಕೆ ತಾಗುವ ಗಡಿಯ ಅಡಿಯಿಂದ ಪುಡಿ ಕೆರೆಯುತ್ತೇನೆ. ಜೀವಂತ ಶಿಲೀಂಧ್ರ ಇರುವುದು ಅಲ್ಲಿ. ಪುಡಿಯನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ನೆನೆಸಿಟ್ಟರೆ ಉಗುರು ಕರಗಿ ಶಿಲೀಂಧ್ರದ ಎಳೆಗಳು ಸೂಕ್ಷ್ಮದರ್ಶಕದಲ್ಲಿ ಕಾಣುತ್ತವೆ. ದಪ್ಪ ಉಗುರಾದರೆ ಒಂದು ರಾತ್ರಿ ಬಿಡುತ್ತೇನೆ. ಎಳೆ ಕಾಣದೆ ಸಂಶಯ ಮಾತ್ರ ಉಳಿದರೆ ಉಗುರಿನ ತುಂಡನ್ನು ಮಂಗಳೂರಿಗೆ ಕಳಿಸಿ ಶಿಲೀಂಧ್ರವನ್ನು ಎದ್ದು ಕಾಣಿಸುವ ಪಿಎಎಸ್ ಬಣ್ಣ ಹಾಕಿಸುತ್ತೇನೆ. ಹೆಚ್ಚು ಸಲ ಸಿಕ್ಕಿಬೀಳುವುದು ಅದರಲ್ಲಿಯೇ. ಶಿಲೀಂಧ್ರವನ್ನು ಬೆಳೆಸಿ ನೋಡುವ ಕಲ್ಚರ್‌ಗೆ ನಾಲ್ಕು ವಾರ ಬೇಕು. ಎಲ್ಲರಿಗೂ ಮಾಡಿಸುವುದಿಲ್ಲ, ಒಮ್ಮೆ ಮದ್ದು ಸೋತವರಿಗೆ ಮಾತ್ರ ತಪ್ಪದೆ ಮಾಡಿಸುತ್ತೇನೆ. ಹತ್ತು ವರ್ಷ ಕಾದ ಉಗುರು ಇನ್ನು ಒಂದು ತಿಂಗಳು ಕಾಯಬಹುದು.

ಶಿಲೀಂಧ್ರ ಎಂದು ಖಚಿತವಾದರೆ ಕಾಲಿನ ಉಗುರಿಗೆ ನನ್ನ ಮೊದಲ ಆಯ್ಕೆ ದಿನಕ್ಕೊಂದು ಟರ್ಬಿನಾಫಿನ್, 12 ವಾರ. ಯಾವಾಗ ಶುರು ಮಾಡುವುದು ಎಂಬುದನ್ನು ಈ ಊರೇ ನನಗೆ ಕಲಿಸಿತು. ಆಟಿ ತಿಂಗಳ ಮಳೆಯಲ್ಲಿ, ದಿನವಿಡೀ ಒದ್ದೆಯಾಗಿರುವ ಕಾಲಿಗೆ ಮದ್ದು ಶುರು ಮಾಡಿದರೆ ಒಂದು ಕಡೆಯಿಂದ ಗುಣ, ಇನ್ನೊಂದು ಕಡೆಯಿಂದ ಹೊಸ ಸೋಂಕು. ಅವಸರ ಇಲ್ಲದವರಿಗೆ ನಾನು ದೀಪಾವಳಿ ಕಳೆದು ಬನ್ನಿ ಎನ್ನುತ್ತೇನೆ. ಆಗ ಶುರು ಮಾಡಿದರೆ ಶಿವರಾತ್ರಿಗೆ ಮೊದಲೇ 84 ಮಾತ್ರೆ ಮುಗಿಯುತ್ತದೆ. ಮುಂದಿನ ಮಳೆ ಹಿಡಿಯುವ ಹೊತ್ತಿಗೆ ಅರ್ಧದಷ್ಟಾದರೂ ಹೊಸ ಉಗುರು ಬಂದಿರುತ್ತದೆ. ಸಕ್ಕರೆ ಕಾಯಿಲೆಯವರನ್ನು ಮಾತ್ರ ಹೀಗೆ ಕಾಯಿಸುವುದಿಲ್ಲ. ದಪ್ಪ ಉಗುರಿನ ಅಂಚು ಪಕ್ಕದ ಬೆರಳಿಗೆ ಚುಚ್ಚಿ ಆದ ಗಾಯ, ನೋವೇ ತಿಳಿಯದ ಕಾಲಿನಲ್ಲಿ ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ನೋಡಿದ್ದೇನೆ.

ದಿನಾಲೂ ತಿನ್ನುವ ಮಾತ್ರೆ ಮರೆತುಹೋಗುತ್ತದೆ, ಪಲ್ಸ್ ನೆನಪಿರುತ್ತದೆ ಎಂದು ನಾನು ಎಣಿಸಿದ್ದೆ. ನಮ್ಮ ಜನರಲ್ಲಿ ಕಂಡದ್ದು ಉಲ್ಟಾ. ರಾತ್ರಿ ಊಟದ ನಂತರದ ಬಿ.ಪಿ. ಮಾತ್ರೆಯ ಜೊತೆ ಇದೂ ಒಂದು ಎಂದರೆ ಮರೆಯುವುದಿಲ್ಲ. ಮೂರು ವಾರ ಬಿಟ್ಟು ಮತ್ತೆ ಶುರು ಮಾಡುವುದನ್ನು ನೆನಪಿಸುವವರು ಯಾರೂ ಇಲ್ಲ. ಒಬ್ಬರಂತೂ ಸ್ಟ್ರಿಪ್ ಮನೆಯಲ್ಲಿ ಇದೆಯಲ್ಲ ಎಂದು ಪಲ್ಸಿನ ಪ್ರಮಾಣವನ್ನೇ 21 ದಿನ ಒಂದೇ ಸವನೆ ತಿಂದು ಕಾಲು ಬಾತುಕೊಂಡು ಬಂದರು. ಭಾಷೆಯ ತೊಡಕೂ ಇಲ್ಲಿ ಸೇರಿಕೊಳ್ಳುತ್ತದೆ. ಮನೆಯಲ್ಲಿ ತುಳುವೋ ಹವ್ಯಕವೋ, ಓದಿದ್ದು ಕನ್ನಡ, ಮದ್ದಿನಂಗಡಿಯಲ್ಲಿ ವಿವರಿಸುವುದು ಮಲಯಾಳದಲ್ಲಿ, ಚೀಟಿ ಇಂಗ್ಲಿಷಿನಲ್ಲಿ. “ಒಂದು ವಾರ, ಮತ್ತೆ ಮೂರು ವಾರ ಬಿಟ್ಟು” ಎಂಬುದು ನಾಲ್ಕು ಭಾಷೆ ದಾಟುವಾಗ ಎಲ್ಲೋ ಮುರಿಯುತ್ತದೆ. “ದಿನಕ್ಕೊಂದು” ಮುರಿಯುವುದಿಲ್ಲ. ಈಗ ಚೀಟಿಯ ಹಿಂದೆ ಕನ್ನಡದಲ್ಲಿ, ಬೇಕಾದವರಿಗೆ ಮಲಯಾಳದಲ್ಲಿ, ಶುರುವಿನ ತಾರೀಕು ಮತ್ತು ಮುಗಿಯುವ ತಾರೀಕು ಎರಡನ್ನೂ ಬರೆಯುತ್ತೇನೆ. ಮನೆಯ ಪಂಚಾಂಗದ ಕ್ಯಾಲೆಂಡರಿನಲ್ಲಿ ಆ ಎರಡು ದಿನಕ್ಕೆ ಸುತ್ತು ಹಾಕಲು ಹೇಳುತ್ತೇನೆ.

ಶುರು ಮಾಡುವ ಮೊದಲು ಯಕೃತ್ತಿನ ರಕ್ತಪರೀಕ್ಷೆ ಮಾಡಿಸುತ್ತೇನೆ. ಮೊದಲೇ ಯಕೃತ್ತಿನ ಕಾಯಿಲೆ ಇದ್ದವರಿಗೆ, ಮೂತ್ರಪಿಂಡ ಬಹಳ ದುರ್ಬಲವಾದವರಿಗೆ ಟರ್ಬಿನಾಫಿನ್ ಕೊಡುವುದಿಲ್ಲ. ಕುಡಿಯುವ ಅಭ್ಯಾಸ ಇದ್ದವರಿಗೆ, ವಯಸ್ಸಾದವರಿಗೆ ಆರನೆಯ ವಾರ ಮತ್ತೊಮ್ಮೆ ಪರೀಕ್ಷೆ. ಯಕೃತ್ತು ಕೆಡುವುದು ಅಪರೂಪ, ಆದರೆ ಕೆಟ್ಟರೆ ಗಂಭೀರ. ಆದ್ದರಿಂದ ಪ್ರತಿಯೊಬ್ಬರಿಗೂ ಬಿಡಿಸಿ ಹೇಳುತ್ತೇನೆ: ಹಸಿವು ಸತ್ತರೆ, ಮೂತ್ರ ಕಡು ಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ ಮಾತ್ರೆ ನಿಲ್ಲಿಸಿ ಆ ದಿನವೇ ಬನ್ನಿ, ಕಾಮಾಲೆಯೆಂದು ಹಸಿರು ಮದ್ದು ಕುಡಿಯುತ್ತ ಮನೆಯಲ್ಲಿ ಕೂರಬೇಡಿ. ಮೆಟೊಪ್ರೊಲಾಲ್‌ನಂಥ ಹೃದಯದ ಮಾತ್ರೆ ಮತ್ತು ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು ಟರ್ಬಿನಾಫಿನ್ ಜೊತೆ ರಕ್ತದಲ್ಲಿ ಏರುತ್ತವೆ, ಹಾಗಾಗಿ ಮನೆಯಲ್ಲಿರುವ ಎಲ್ಲ ಮಾತ್ರೆಯನ್ನೂ ತನ್ನಿ ಎನ್ನುತ್ತೇನೆ. ಬಸುರಿಯರಿಗೆ, ಮೊಲೆಯೂಡುವ ತಾಯಂದಿರಿಗೆ ಕೊಡುವುದಿಲ್ಲ. ಉಗುರು ಕಾಯುತ್ತದೆ.

ಇನ್ನೊಂದು ಅಡ್ಡಪರಿಣಾಮವನ್ನು ಪುಸ್ತಕದಲ್ಲಿ ಓದಿದ್ದೆ, ಅರ್ಥವಾದದ್ದು ಒಬ್ಬ ಅಡುಗೆಯ ಹೆಂಗಸಿನಿಂದ. ಉಪನಯನ, ಮದುವೆಗಳಿಗೆ ಅಡುಗೆ ಮಾಡುವವರು. ಬಲಗೈಯ ಮೂರು ಉಗುರು ಕೆಟ್ಟಿತ್ತು, ಬಡಿಸುವಾಗ ಜನ ನೋಡುತ್ತಾರೆಂದು ಸಂಕಟಪಡುತ್ತಿದ್ದರು. ಪರೀಕ್ಷೆಯಲ್ಲಿ ಟ್ರೈಕೋಫೈಟಾನ್ ಬಂದ ಕಾರಣ ಟರ್ಬಿನಾಫಿನ್ 6 ವಾರ ಎಂದು ಕೊಟ್ಟೆ. ನಾಲ್ಕನೆಯ ವಾರ ಮುಗಿಯುವಾಗ ಬಂದು ಕೂತರು, ಕಣ್ಣಲ್ಲಿ ನೀರು. “ನನಗೆ ಉಪ್ಪು ಗೊತ್ತಾಗುವುದಿಲ್ಲ ಡಾಕ್ಟ್ರೇ. ಮೊನ್ನೆ ಸಾಂಬಾರಿಗೆ ಎರಡು ಸಲ ಹಾಕಿದ್ದೇನೆ. ಇಷ್ಟು ವರ್ಷದಲ್ಲಿ ಒಬ್ಬರಿಂದ ಮಾತು ಕೇಳಿದವಳಲ್ಲ.” ಟರ್ಬಿನಾಫಿನ್ ಕೆಲವರಲ್ಲಿ ನಾಲಗೆಯ ರುಚಿ ಕೆಡಿಸುತ್ತದೆ. ಸಾಮಾನ್ಯವಾಗಿ ಮದ್ದು ನಿಲ್ಲಿಸಿದ ಮೇಲೆ ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ಮರಳುತ್ತದೆ, ಅಪರೂಪಕ್ಕೆ ಬಹಳ ಕಾಲ ಉಳಿಯುವುದೂ ಉಂಟು. ಅಂದೇ ನಿಲ್ಲಿಸಿದೆ. ರುಚಿಯೇ ಜೀವನೋಪಾಯವಾದವರಿಗೆ ಮೊದಲೇ ಕೇಳಿ, ಹೇಳಿ ಮದ್ದು ಆರಿಸಬೇಕಿತ್ತು. ಅವರಿಗೆ ರುಚಿ ಪೂರ್ತಿ ಮರಳಲು ಎರಡು ತಿಂಗಳು ಹಿಡಿಯಿತು. ಆಮೇಲೆ ಇಟ್ರಾಕೊನಜೋಲ್ ಪಲ್ಸ್ ಎರಡು ಕೊಟ್ಟೆ, ಎರಡನೆಯ ಪಲ್ಸಿನ ಹಿಂದಿನ ದಿನ ನಾನೇ ಫೋನು ಮಾಡಿ ನೆನಪಿಸಿದೆ. ಕೈಯ ಉಗುರು ಚೊಕ್ಕವಾಯಿತು.

ಅಂದರೆ ಪಲ್ಸ್ ಕ್ರಮವನ್ನು ನಾನು ಕೈಬಿಟ್ಟಿಲ್ಲ. ಟರ್ಬಿನಾಫಿನ್ ಒಗ್ಗದವರಿಗೆ, ಮತ್ತು ಕ್ಯಾಂಡಿಡಾ ಎಂಬ ಬೇರೆ ಬಗೆಯ ಶಿಲೀಂಧ್ರದಿಂದ ಕೈಯ ಉಗುರು ಕೆಟ್ಟವರಿಗೆ ಇಟ್ರಾಕೊನಜೋಲ್ ಒಳ್ಳೆಯದು. ಕೊಡುವಾಗ ಎರಡು ವಿಷಯ ಮಾತ್ರ ಕಟ್ಟುನಿಟ್ಟು. ಮೊದಲನೆಯದು ಯಾರಿಗೆ ಕೊಡಬಾರದು ಎಂಬುದು. ಹೃದಯ ಸೋತವರಿಗೆ ಅದನ್ನು ಕೊಡುವಂತಿಲ್ಲ, ಅದು ಹೃದಯದ ಬಡಿತದ ಬಲ ಇನ್ನೂ ಕುಗ್ಗಿಸುತ್ತದೆ. ಕೊಲೆಸ್ಟ್ರಾಲಿನ ಸಿಮ್ವಾಸ್ಟಾಟಿನ್ ತಿನ್ನುವವರಿಗೂ ಜೊತೆಯಲ್ಲಿ ಕೊಡುವಂತಿಲ್ಲ, ಸ್ನಾಯು ಕರಗುವ ಅಪಾಯ ಇದೆ. ಎರಡನೆಯದು ಊಟ. ಕ್ಯಾಪ್ಸೂಲು ರಕ್ತಕ್ಕೆ ಸೇರಲು ಹೊಟ್ಟೆಯಲ್ಲಿ ಆಮ್ಲ ಬೇಕು, ಹಾಗಾಗಿ ಹೊಟ್ಟೆ ತುಂಬ ಉಂಡ ಕೂಡಲೇ ತಿನ್ನಬೇಕು. ಇಲ್ಲಿ ಬೆಳಿಗ್ಗೆ ಎದ್ದು ಪ್ಯಾಂಟೊಪ್ರಜೋಲ್ ನುಂಗುವವರಿಗೆ ಲೆಕ್ಕವಿಲ್ಲ, ಅದನ್ನು ಮದ್ದೆಂದೇ ಎಣಿಸುವುದಿಲ್ಲ, “ಗ್ಯಾಸಿನ ಮಾತ್ರೆ” ಅಷ್ಟೆ. ಅದು ಆಮ್ಲ ಇಳಿಸಿದರೆ ಇಟ್ರಾಕೊನಜೋಲ್ ಸರಿಯಾಗಿ ಸೇರುವುದೇ ಇಲ್ಲ. ನನ್ನ ಹಳೆಯ ಸೋಲುಗಳಲ್ಲಿ ಎಷ್ಟು ಇದರಿಂದ ಆದವೋ ಎಂದು ಈಗ ಅನ್ನಿಸುತ್ತದೆ, ಆಗ ನಾನು ಕೇಳುತ್ತಲೇ ಇರಲಿಲ್ಲ. ಏಕಾದಶಿ ಉಪವಾಸ ಮಾಡುವವರಿಗೆ ಆ ವಾರ ತಪ್ಪಿಸಿ ತಾರೀಕು ಇಟ್ಟುಕೊಡುತ್ತೇನೆ. ರಂಜಾನಿನಲ್ಲಿ ಸಹರಿ ಮತ್ತು ಇಫ್ತಾರಿನ ಊಟದ ಜೊತೆ ಎರಡು ಹೊತ್ತು ಸರಿಯಾಗಿ ಕೂಡುತ್ತದೆ.

ಮೂರನೆಯ ಮದ್ದು ಫ್ಲುಕೊನಜೋಲ್, ವಾರಕ್ಕೊಮ್ಮೆ 150ರಿಂದ 300 ಮಿಲಿಗ್ರಾಂ, ಕಾಲಿಗೆ ಆರು ತಿಂಗಳಿಂದ ಒಂದು ವರ್ಷ. ವಾರಕ್ಕೊಂದೇ ಎಂಬ ಕಾರಣಕ್ಕೆ ರೋಗಿಗಳಿಗೆ ಇಷ್ಟ, ಈ ಮೂರರಲ್ಲಿ ಇದರ ಫಲವೇ ಕಡಿಮೆ ಎಂಬ ಕಾರಣಕ್ಕೆ ನನಗೆ ಅಷ್ಟಿಲ್ಲ. ಉಳಿದೆರಡೂ ಆಗದವರಿಗೆ ಇಟ್ಟುಕೊಂಡಿದ್ದೇನೆ. ಗ್ರೈಸಿಯೋಫಲ್ವಿನ್ ಹಿಂದಿನವರ ಮದ್ದು, ಕಾಲಿಗೆ ಒಂದು ವರ್ಷ ದಾಟಿ ತಿನ್ನಬೇಕಿತ್ತು. ನಾನು ಉಗುರಿಗೆ ಅದನ್ನು ಬರೆಯುವುದಿಲ್ಲ.

ಯಾವ ಕ್ರಮವೂ ತಲುಪದ ಉಗುರುಗಳಿವೆ. ಉಗುರಿನ ಒಳಗೆ ತುದಿಯಿಂದ ಬುಡಕ್ಕೆ ಹಳದಿ ಗೆರೆಯೊಂದು ಕಂಡರೆ ಅಲ್ಲಿ ಶಿಲೀಂಧ್ರ ಗಟ್ಟಿ ಗಂಟು ಕಟ್ಟಿದೆ ಎಂದರ್ಥ. ಮಾತ್ರೆ ಅದರೊಳಗೆ ಇಳಿಯುವುದಿಲ್ಲ, ಆ ಭಾಗ ಕತ್ತರಿಸಿ ತೆಗೆಯಲೇಬೇಕು. ತುಂಬ ದಪ್ಪದ ಉಗುರಿಗೆ 40 ಶೇಕಡಾ ಯೂರಿಯಾ ಮುಲಾಮು ಹಚ್ಚಿ ಪ್ಲಾಸ್ಟಿಕ್ ಸುತ್ತಿ ಕಟ್ಟಿದರೆ ಕೆಲವು ದಿನಗಳಲ್ಲಿ ಮೆದುವಾಗುತ್ತದೆ, ಆಮೇಲೆ ಕೆರೆದು ತೆಳು ಮಾಡಬಹುದು. ಮೈಮೇಲೆ ಹುಳಕಡ್ಡಿಯೂ ಇದ್ದು, ಅದಕ್ಕೆ ಅಂಗಡಿಯಿಂದ ಸ್ಟೀರಾಯ್ಡ್ ಬೆರೆತ ಮುಲಾಮು ತಂದು ಹಚ್ಚಿಕೊಂಡವರಲ್ಲಿ ನನಗೆ ಹೆಚ್ಚು ಎಚ್ಚರ. 2020ರಲ್ಲಿ ಟ್ರೈಕೋಫೈಟಾನ್ ಇಂಡೊಟಿನೀ ಎಂದು ಹೆಸರಿಟ್ಟ ಶಿಲೀಂಧ್ರ ನಮ್ಮ ದೇಶದಲ್ಲಿ ಹರಡಿದೆ, ಅದರಲ್ಲಿ ಟರ್ಬಿನಾಫಿನ್ನಿಗೆ ಬಗ್ಗದ ತಳಿಗಳಿವೆ. ಅಂಥವರಿಗೆ ಕಲ್ಚರ್ ಮಾಡಿಸಿಯೇ ಮುಂದುವರಿಯುತ್ತೇನೆ.

ಮದ್ದು ಕೆಲಸ ಮಾಡುತ್ತಿದೆಯೋ ಎಂದು ತಿಳಿಯಲು ನಾನು ಮೊದಲ ದಿನವೇ ಉಗುರಿನ ಮೇಲೆ, ಒಳ್ಳೆಯದು ಮುಗಿದು ಕೆಟ್ಟದ್ದು ಶುರುವಾಗುವಲ್ಲಿ, ಬ್ಲೇಡಿನ ತುದಿಯಿಂದ ಒಂದು ಸಣ್ಣ ಅಡ್ಡಗೆರೆ ಗೀರುತ್ತೇನೆ. ಬುಡದಿಂದ ಗೆರೆಗೆ ಎಷ್ಟು ಮಿಲಿಮೀಟರು ಎಂದು ಅಳೆದು ಬರೆಯುತ್ತೇನೆ, ಮೊಬೈಲಿನಲ್ಲಿ ಫೋಟೋ ಕೂಡ. ತಿಂಗಳು ತಿಂಗಳು ಗೆರೆ ಮುಂದಕ್ಕೆ ಸರಿಯುತ್ತ, ಅದರ ಹಿಂದೆ ಬರುವುದು ಚೊಕ್ಕ ಉಗುರಾಗಿದ್ದರೆ ಸರಿ. ಗೆರೆ ದಾಟಿ ಹಳದಿ ಹಿಂದಕ್ಕೆ ಬಂದರೆ ಮದ್ದು ಸೋಲುತ್ತಿದೆ. ರೋಗಿ ತಾನೇ ಮನೆಯಲ್ಲಿ ನೋಡಿಕೊಳ್ಳಬಹುದಾದ ಲೆಕ್ಕ ಇದು. ಮಾತ್ರೆ ಮುಗಿದ ಮೇಲೂ ಟರ್ಬಿನಾಫಿನ್ ಉಗುರಿನಲ್ಲಿ ತಿಂಗಳುಗಟ್ಟಲೆ ಇರುತ್ತದೆ, ಆದ್ದರಿಂದ 12 ವಾರ ಕಳೆದು ಉಗುರು ಅರ್ಧ ಹಳದಿಯಿದ್ದರೂ ಗೆರೆಯ ಹಿಂದೆ ಚೊಕ್ಕವಿದ್ದರೆ ಹೊಸ ಮಾತ್ರೆ ಬರೆಯದೆ ಕಾಯುತ್ತೇನೆ.

ತೊಟ್ಟೆ ತಂದಿದ್ದ ಹಿರಿಯರು ದೀಪಾವಳಿ ಕಳೆದು ಶುರು ಮಾಡಿದರು. 84 ಮಾತ್ರೆ ಮುಗಿಸಿ ಬಂದಾಗ ಗೆರೆ ನಾಲ್ಕೂವರೆ ಮಿಲಿಮೀಟರು ಸರಿದಿತ್ತು. “ಉಗುರು ಹಾಗೇ ಉಂಟಲ್ಲ” ಎಂದು ಅವರು ಹೇಳುವ ಮೊದಲೇ ಸ್ಕೇಲು ಅವರ ಕೈಗೆ ಕೊಟ್ಟೆ, ಅವರೇ ಅಳೆದರು. ಹದಿನೈದನೆಯ ತಿಂಗಳಿಗೆ ಎಡಗಾಲು ಪೂರ್ತಿ ಸರಿಯಾಗಿತ್ತು. ಬಲಗಾಲಿನ ಹೊರ ಅಂಚಿನಲ್ಲಿ ಒಂದು ಹಳದಿ ಗೆರೆ ಉಳಿದಿತ್ತು, ಅದನ್ನು ಕತ್ತರಿಸಿ ತೆಗೆದು ಪುಡಿಯನ್ನು ಪರೀಕ್ಷೆಗೆ ಕಳಿಸಿದೆ. ಹಳೆಯ ಗಂಬೂಟು ಬಿಸಾಡಿದ್ದೀರಾ ಎಂದು ಕೇಳಿದರೆ ಹೊಸತು ಎರಡು ಜೊತೆ ತೆಗೆದುಕೊಂಡಿದ್ದೇನೆ, ಒಂದು ಒಣಗುವಾಗ ಇನ್ನೊಂದು ಎಂದರು. ಬೆರಳ ಸಂದಿಗೆ ಹಾಕುವ ಪುಡಿ ಮನೆಯಲ್ಲಿ ಎಲ್ಲರೂ ಹಾಕುತ್ತಿದ್ದಾರೆ. ಜೊತೆಯಲ್ಲಿ ಹೆಂಡತಿಯೂ ಬಂದಿದ್ದರು, ಬಾಗಿಲ ಹತ್ತಿರ ನಿಲ್ಲದೆ ನೇರ ಕುರ್ಚಿಯಲ್ಲಿ ಕೂತು ಬಲಗಾಲು ಮುಂದಿಟ್ಟರು. ನಾನು ಬ್ಲೇಡು, ಗಾಜಿನ ಪಟ್ಟಿ ತೆಗೆದುಕೊಂಡೆ.